ಬಸ್ಸು ನಿಗಮದ್ದು, ನೆರಳು ಯಾರದು?

ನಾನು ಮಾನ್ವಿಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ಹಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಮೇಲಿಂದ ಮೇಲೆ ತಡವಾಗಿ ತರಗತಿಗೆ ಬರುತ್ತಿದ್ದಳು. ಗದರಿಸಿದರೆ, "ಬಸ್ ನಿಂದ್ರಲಿಲ್ರೀ ಸರ" ಎನ್ನುತ್ತಿದ್ದಳು. ನಾನದನ್ನು ನೆಪವೆಂದೇ ಬಗೆದಿದ್ದೆ. ಒಮ್ಮೆ ಅದೇ ದಾರಿಯಲ್ಲಿ ನಾನೇ ಬಸ್ಸಿಗಾಗಿ ಕಾದು ನಿಂತಾಗ ನಿಜ ತಿಳಿಯಿತು. ಅಲ್ಲಿ ಹೆಸರಿನ ಹಲಗೆಯಿಲ್ಲ, ನೆರಳಿಲ್ಲ, ನಿಲುಗಡೆಯೆಂಬ ಗುರುತೇ ಇಲ್ಲ. ಚಾಲಕನಾದರೂ ಎಲ್ಲಿ ನಿಲ್ಲಿಸಬೇಕು? ಅಂದು ಗದರಿದ ಮಾತು ಇಂದಿಗೂ ನನ್ನನ್ನೇ ಚುಚ್ಚುತ್ತದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ನಮ್ಮ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ನೀಗಿತು. ಆದರೆ ಬಿಸಿಲಲ್ಲಿ ನಿಂತು ಕಾಯುವ ಕಷ್ಟ ನೀಗಲಿಲ್ಲ. "ಬಸ್ಸು ಓಡಿಸುವುದು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ, ನಮಗೇನು ಸಂಬಂಧ?" ಎಂಬ ಮಾತನ್ನು ಊರಿನ ಸದಸ್ಯರ ಬಾಯಲ್ಲಿ ಕೇಳಿದ್ದೇನೆ. ಸಂಬಂಧವಿದೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು 12ನೆಯ ಅನುಸೂಚಿಯನ್ನು ಸೇರಿಸಿತು. ನಗರಸಂಸ್ಥೆಗಳಿಗೆ ವಹಿಸಬಹುದಾದ ಅದರ 18 ವಿಷಯಗಳಲ್ಲಿ ರಸ್ತೆ, ಬೀದಿದೀಪ, ವಾಹನ ನಿಲುಗಡೆ, ಬಸ್ ನಿಲುಗಡೆ, ಸಾರ್ವಜನಿಕ ಶೌಚಾಲಯ ಎಲ್ಲವೂ ಇವೆ. ಪಂಚಾಯತಿಗಳಿಗಾಗಿ ಇರುವ 11ನೆಯ ಅನುಸೂಚಿಯಲ್ಲಿಯೂ ರಸ್ತೆಗಳು ಸೇರಿವೆ. ಬಸ್ಸು ನಿಗಮದ್ದಿರಬಹುದು, ಅದನ್ನು ಹತ್ತುವವರೆಗಿನ ಮತ್ತು ಇಳಿದ ನಂತರದ ದಾರಿ ನಮ್ಮೂರಿನದು.

ರಾಯಚೂರನ್ನು ಮಹಾನಗರಪಾಲಿಕೆಯಾಗಿ ಮೇಲ್ದರ್ಜೆಗೇರಿಸಲು 2024ರ ಸೆಪ್ಟೆಂಬರಿನಲ್ಲಿ ಕಲಬುರಗಿಯ ಸಚಿವ ಸಂಪುಟ ಸಭೆ ತೀರ್ಮಾನಿಸಿತು. ಸಂತೋಷ. ಆದರೆ ನಾಮಫಲಕ ಬದಲಾದರೆ ಸಾಲದು. ತೀನ್ ಕಂದೀಲಿನ ಸುತ್ತ ಮುದುಕರೊಬ್ಬರು ಅಂಜದೆ ನಡೆಯುವಂತಾದರೆ ಅದೇ ನಿಜವಾದ ಬಡ್ತಿ. ಅದಕ್ಕಾಗಿ ತಳ್ಳುಗಾಡಿಯವರನ್ನು ಓಡಿಸಬೇಕಿಲ್ಲ. ಅವರಿಗೂ ಜಾಗ ಗುರುತಿಸಿ ಕೊಡಬೇಕೆಂದೇ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಹೇಳುತ್ತದೆ.

ಅದೇ 2024ರ ಸೆಪ್ಟೆಂಬರ್ 5, ಶಿಕ್ಷಕರ ದಿನದಂದೇ, ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಸಾರಿಗೆ ಬಸ್ಸಿಗೂ ಶಾಲಾ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ತೀರಿಕೊಂಡರು. ಅಂದು ನನಗೆ ಬಂದ ಶುಭಾಶಯಗಳಿಗೆ ಉತ್ತರಿಸಲಾಗಲಿಲ್ಲ, ಕ್ಷಮಿಸಿರಿ. ತಪ್ಪು ಯಾರದೆಂದು ನಿರ್ಣಯಿಸುವವನು ನಾನಲ್ಲ. ಆದರೆ ತಮ್ಮ ಎಲ್ಲೆಯ ಅಪಾಯದ ತಾಣಗಳನ್ನು ಪಟ್ಟಿಮಾಡಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದಿಡಲು ಪುರಸಭೆಗಾಗಲಿ ಪಂಚಾಯತಿಗಾಗಲಿ ಅನುದಾನ ಬೇಕಿಲ್ಲ, ಮನಸ್ಸೊಂದು ಸಾಕು.

ಪ್ರಿಯ ಶಿಷ್ಯರೇ, ನಿಮ್ಮಲ್ಲಿ ಹಲವರು ದೇವದುರ್ಗ, ಮಾನ್ವಿ, ರಾಯಚೂರುಗಳಲ್ಲಿಯೇ ಇದ್ದೀರಿ. ಕೆಲವರು ಅಧಿಕಾರದ ಹತ್ತಿರವೂ ಇದ್ದೀರಿ. ಮುಂದಿನ ಬೇಸಿಗೆಗೆ ಮುನ್ನ ನಿಮ್ಮ ನಿಮ್ಮ ವಾರ್ಡಿನಲ್ಲಿ ಒಂದು ನಿಲುಗಡೆ, ಒಂದು ದೀಪ, ನಾಲ್ಕು ಜನರಿಗಾಗುವಷ್ಟು ನೆರಳು ಕೇಳಿರಿ, ಅರ್ಜಿ ಬರೆದು ಕೇಳಿರಿ. ಆ ಹುಡುಗಿಯ ಮಗಳಾದರೂ ಹೊತ್ತಿಗೆ ಸರಿಯಾಗಿ ತರಗತಿ ಸೇರಲಿ.