ಹಂದಿ ಕಾವಲಿಗೆ ದುರ್ಬೀನು: ದೂರದ ಅಳತೆ ಅದರೊಳಗೇ ಇರಬೇಕೇ, ಬೇರೆ ಇರಬೇಕೇ?

ನಮ್ಮ ಬೈಲಿನ ಕೃಷಿಕರೊಬ್ಬರು ಕೋವಿ ಲೈಸೆನ್ಸು ಉಳ್ಳವರು. ಪಂಚಾಯತಿನ ಪಟ್ಟಿಯಲ್ಲಿಯೂ ಅವರ ಹೆಸರುಂಟು. ಅವರ ಅಳಿಯ ಗಲ್ಫಿನಲ್ಲಿದ್ದಾನೆ. ಊರಿಗೆ ಬರುವಾಗ ಮಾವನಿಗೆ ಒಂದು ಒಳ್ಳೆಯ ದುರ್ಬೀನು ತರಬೇಕೆಂದು ಅವನ ಆಸೆ. ಆದರೆ ಅಂಗಡಿಯಲ್ಲಿ ಎರಡು ಬಗೆ ಕಂಡಿತಂತೆ. ಒಂದು, ದೂರವನ್ನು ಅಳೆಯುವ ಯಂತ್ರವೂ ಒಳಗೇ ಸೇರಿರುವ ದುರ್ಬೀನು. ಇನ್ನೊಂದು, ಬರಿಯ ದುರ್ಬೀನು ಬೇರೆ, ಅಳೆಯುವ ಯಂತ್ರ ಬೇರೆ. ಮಾವ ನಮ್ಮಲ್ಲಿಗೆ ಬಂದು ಜಗಲಿಯಲ್ಲಿ ಕುಳಿತು, "ಮಾಷ್ಟ್ರೇ, ಒಂದರಲ್ಲೇ ಎರಡೂ ಇರುವಾಗ ಎರಡು ಸಾಮಾನು ಯಾಕೆ ಹೊರುವುದು?" ಎಂದು ಕೇಳಿದರು. ಪ್ರಶ್ನೆ ಸಣ್ಣದಲ್ಲ. ಪೈವಳಿಕೆಯಿಂದ ದೇಲಂಪಾಡಿಯವರೆಗೆ ಇಂದು ಇದೇ ಪ್ರಶ್ನೆಯನ್ನು ಕೇಳುವವರು ಅನೇಕರಿರಬಹುದಾದುದರಿಂದ, ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಮೊದಲೇ ಒಂದು ಮಾತು. ನಾವು ಬೇಟೆಯ ವಿಷಯ ಬರೆಯುತ್ತಿಲ್ಲ. ಮೋಜಿನ ಬೇಟೆ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದಾಗಿ ಮುಗಿದ ಕಥೆ. ಹಂದಿಯ ಕಾಟ ತಡೆಯಲಾರದೆ ಕೃಷಿಕರು ಮೊರೆಯಿಟ್ಟ ಮೇಲೆ, 2022ರ ಮೇ ತಿಂಗಳಲ್ಲಿ ಕೇರಳ ಸರಕಾರವು ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯತುಗಳ ಮಟ್ಟಕ್ಕೆ ಇಳಿಸಿತು. ಈಡು ಹಾಕುವವರು ಲೈಸೆನ್ಸುದಾರರೇ ಆಗಿರಬೇಕು. ವಿಷ, ಸಿಡಿಮದ್ದು, ಕರೆಂಟು ಕೂಡದು. ಸತ್ತ ಹಂದಿಯನ್ನು ಹೂಳಬೇಕಲ್ಲದೆ ಮನೆಗೆ ಒಯ್ಯುವಂತಿಲ್ಲ. ಅಪ್ಪಣೆಯ ಅವಧಿ, ಶರತ್ತುಗಳನ್ನು ಪ್ರತಿಸಲವೂ ಪಂಚಾಯತು ಕಚೇರಿಯಲ್ಲಿ ಕೇಳಿ ತಿಳಿದೇ ಹೊರಡತಕ್ಕದ್ದು. ಕಾಗದ ಮಲೆಯಾಳದಲ್ಲಿ ಇರುತ್ತದೆ, ಓದಲು ಬಾರದಿದ್ದರೆ ಓದಿಸಿಕೊಳ್ಳಿರಿ. ಗೊತ್ತಿರಲಿಲ್ಲ ಎಂದರೆ ಯಾರೂ ಕೇಳುವುದಿಲ್ಲ.

ಇನ್ನು ಯಂತ್ರದ ವಿಷಯ. ದೂರ ಅಳೆಯುವ ಯಂತ್ರ ಮಾಡುವುದು ಇಷ್ಟೆ: ಕಣ್ಣಿಗೆ ಕಾಣದ ಲೇಸರ್ ಬೆಳಕಿನ ಒಂದು ಮಿಡಿತವನ್ನು ಕಳುಹಿಸುತ್ತದೆ. ಅದು ಎದುರಿನ ವಸ್ತುವಿಗೆ ತಗಲಿ ಹಿಂದೆ ಬರುವುದಕ್ಕೆ ಹಿಡಿದ ಹೊತ್ತನ್ನು ಎಣಿಸುತ್ತದೆ. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ಓಡುತ್ತದೆಯೆಂದು ಏಳನೆಯ ಕ್ಲಾಸಿನ ಮಕ್ಕಳಿಗೂ ಗೊತ್ತು. 40 ಮೀಟರು ಆಚೆ ಇರುವ ಮರಕ್ಕೆ ಹೋಗಿ ಬರಲು ಅದಕ್ಕೆ ಬೇಕಾದ ಹೊತ್ತು, ಒಂದು ಸೆಕೆಂಡನ್ನು ಕೋಟಿ ಪಾಲು ಮಾಡಿದರೆ ಅದರಲ್ಲಿ ಮೂರು ಪಾಲಿಗಿಂತಲೂ ಕಡಿಮೆ. ಅಂಗೈಯಷ್ಟು ಡಬ್ಬಿ ಇಷ್ಟನ್ನು ಎಣಿಸಿ ಒಂದು ಮೀಟರು ಆಚೀಚೆಯಾಗುವಷ್ಟು ಸರಿಯಾಗಿ ಹೇಳುವುದೆಂದರೆ ಆಶ್ಚರ್ಯವೇ ಸರಿ. ಇದನ್ನು ದುರ್ಬೀನಿನೊಳಗೆ ಸೇರಿಸಿ 1992ರಲ್ಲಿ ಜರ್ಮನಿಯ ಲೈಕಾ ಕಂಪೆನಿ ಮಾರುಕಟ್ಟೆಗೆ ತಂದಿತು. ಆಮೇಲೆ ಉಳಿದ ಕಂಪೆನಿಗಳೂ ತಂದವು.

ಅವರು ತಂದುದು ಸುಮ್ಮನೆ ಅಲ್ಲ. ಯುರೋಪಿನ ಆಲ್ಪ್ಸ್ ಬೆಟ್ಟಗಳಲ್ಲಿ, ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ಬೇಟೆಗಾರ ಒಂದು ಕಣಿವೆಯ ಈಚೆ, ಪ್ರಾಣಿ ಆಚೆ. ಮರವಿಲ್ಲ, ಮನೆಯಿಲ್ಲ, ದೂರವನ್ನು ಕಣ್ಣಂದಾಜಿನಲ್ಲಿ ಹೇಳಲು ಯಾವ ಗುರುತೂ ಇಲ್ಲ. 200 ಗಜಕ್ಕೆ ಗುರಿ ಹೊಂದಿಸಿಟ್ಟ ಸಾಮಾನ್ಯ ರೈಫಲ್ಲಿನ ಗುಂಡು 300 ಗಜ ಹೋಗುವಷ್ಟರಲ್ಲಿ ಸುಮಾರು ಒಂದು ಗೇಣು ಕೆಳಗಿಳಿಯುತ್ತದೆ; 400 ಗಜಕ್ಕೆ ಒಂದು ಮೊಳಕ್ಕೂ ಹೆಚ್ಚು. ಅಂದರೆ 400ನ್ನು 300 ಎಂದು ಭಾವಿಸಿ ಈಡು ಹಾಕಿದವನು ಪ್ರಾಣಿಯ ಕಾಲು ಮುರಿದು ಅದನ್ನು ನರಳಲು ಬಿಡುತ್ತಾನೆ. ಅಲ್ಲಿ ಅಳತೆ ಬೇಕೇ ಬೇಕು. ನೋಡುತ್ತಿರುವಂತೆಯೇ, ಕಣ್ಣು ಕೀಳದೆ, ಗುಂಡಿ ಒತ್ತಿ ದೂರ ತಿಳಿಯುವುದು ಅಲ್ಲಿಯವರಿಗೆ ದೊಡ್ಡ ಅನುಕೂಲ. ಎರಡು ಕೈಯಲ್ಲಿ ಹಿಡಿಯುವುದರಿಂದ ಅಲುಗಾಟವೂ ಕಡಿಮೆ. ಕೊರಳಲ್ಲಿ ಒಂದೇ ಪಟ್ಟಿ. ದುರ್ಬೀನು ಇಳಿಸಿ ಕಿಸೆಯಿಂದ ಇನ್ನೊಂದನ್ನು ತೆಗೆಯುವಷ್ಟರಲ್ಲಿ ಪ್ರಾಣಿ ಓಡಿತು ಎಂಬ ಗೋಳಿಲ್ಲ. ಇದನ್ನೆಲ್ಲ ನಾವು ಒಪ್ಪುತ್ತೇವೆ.

ಆದರೆ ನಮ್ಮದು ಆಲ್ಪ್ಸ್ ಅಲ್ಲ, ಅಡಿಕೆ ತೋಟ.

ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಹನ್ನೆರಡು ಬೋರಿನ ತೋಟೆ ಕೋವಿ. ದೊಡ್ಡ ಚಿಲ್ಲಿನ ತೋಟೆಯಾದರೆ 35-40 ಗಜದಾಚೆ ಹಂದಿಯಂತಹ ಗಟ್ಟಿ ಪ್ರಾಣಿಗೆ ಈಡು ಹಾಕುವುದು ತಪ್ಪು. ಚಿಲ್ಲು ಚದರುತ್ತದೆ, ಕಸುವು ಇಳಿಯುತ್ತದೆ, ಗಾಯಗೊಂಡ ಹಂದಿ ಮರುದಿನ ಹುಲ್ಲಿಗೆ ಹೋದ ಹೆಂಗಸರ ಮೇಲೆ ನುಗ್ಗುತ್ತದೆ. ಆದ್ದರಿಂದ ನಮಗೆ ಬೇಕಾದುದು "ಎಷ್ಟು ದೂರ" ಎಂಬ ಲೆಕ್ಕವಲ್ಲ. "ನಲುವತ್ತರ ಒಳಗೋ ಹೊರಗೋ" ಎಂಬ ಒಂದೇ ಉತ್ತರ. ಇದಕ್ಕೆ ಲೇಸರ್ ಬೇಡ. ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ಸಂಶೋಧನಾ ಸಂಸ್ಥೆಯವರು ಅಡಿಕೆಗೆ ಹೇಳಿದ ಅಂತರ 2.7 ಮೀಟರು, ನಮ್ಮ ಹಿರಿಯರ ಒಂಬತ್ತು ಅಡಿ. ಸಾಲು ಹಿಡಿದು ಹನ್ನೆರಡು ಅಂತರ ಎಣಿಸಿದರೆ 32 ಮೀಟರಿಗೆ ಸ್ವಲ್ಪ ಹೆಚ್ಚು, ಅಂದರೆ 35 ಗಜ. ಏಳೂವರೆ ಮೀಟರು ಅಂತರದ ತೆಂಗಾದರೆ ನಾಲ್ಕು ಅಂತರ ಕಳೆದು ಒಂದೆರಡು ಹೆಜ್ಜೆ. ನಮ್ಮ ತೋಟವೇ ಒಂದು ಅಳತೆಪಟ್ಟಿ. ಹಳೆಯ ತೋಟದಲ್ಲಿ ಸಾಲು ಸೊಟ್ಟಗಾಗಿದ್ದರೆ ಹಗಲು ಹೊತ್ತಿನಲ್ಲಿ ಒಮ್ಮೆ ಹಗ್ಗ ಹಿಡಿದು ಅಳೆಯಿರಿ, ಅಷ್ಟೆ.

ಇನ್ನೊಂದು ಸಂಗತಿ. ಲೇಸರ್ ಬೆಳಕು ಎದುರಿಗೆ ಏನು ಸಿಕ್ಕಿತೋ ಅದಕ್ಕೇ ತಗಲಿ ಹಿಂದೆ ಬರುತ್ತದೆ. ಬಯಲಿನಲ್ಲಿ ನಿಂತ ಜಿಂಕೆಗೆ ಸರಿ. ಬಾಳೆ ಎಲೆ, ಕಾಳುಮೆಣಸಿನ ಬಳ್ಳಿ, ಜೋತುಬಿದ್ದ ಸೋಗೆ, ಇವುಗಳ ನಡುವೆ ಕದಲುವ ಹಂದಿಗೆ ಗುರಿಯಿಟ್ಟರೆ ಅದು ಎಲೆಯ ದೂರವನ್ನು ಹೇಳುತ್ತದೆ. ಹತ್ತಿರದ ಅಡ್ಡಿಯನ್ನು ಬಿಟ್ಟು ದೂರದ್ದನ್ನು ಓದುವ ಏರ್ಪಾಡು ಕೆಲವು ಯಂತ್ರಗಳಲ್ಲುಂಟು, ನಿಜ; ಆಗ ಅದು ಹಂದಿಯ ಹಿಂದಿನ ಬರೆಯ ದೂರವನ್ನು ಹೇಳಿದರೂ ಹೇಳಿತು. ಆಟಿ ತಿಂಗಳ ಮಳೆ, ಮಂಜು ಇದ್ದರಂತೂ ಕೇಳುವುದೇ ಬೇಡ. ನೀರ ಹನಿಗೂ ಬೆಳಕು ತಗಲುತ್ತದೆ.

ಈಗ ದುರ್ಬೀನಿಗೆ ಬರೋಣ. ನಮ್ಮ ಮಟ್ಟಿಗೆ ಮುಖ್ಯ ಇದು. ಹಂದಿ ಬರುವುದು ಮುಸ್ಸಂಜೆ ಕಳೆದ ಮೇಲೆ ಅಥವಾ ಬೆಳಗು ಹರಿಯುವ ಮುನ್ನ. ಆ ಹೊತ್ತಿಗೆ ಬೇಕಾದುದು ದೊಡ್ಡದಾಗಿ ತೋರಿಸುವ ಗಾಜಲ್ಲ, ಬೆಳಕನ್ನು ಒಳಗೆ ಬಿಡುವ ಗಾಜು. ದುರ್ಬೀನಿನ ಮೇಲೆ 8x42, 7x50, 10x25 ಎಂದು ಬರೆದಿರುತ್ತದೆ. ಮೊದಲನೆಯದು ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆಂಬುದು. ಎರಡನೆಯದು ಎದುರಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿರಿ. 8x42 ಆದರೆ 5.25, 7x50 ಆದರೆ 7ಕ್ಕೆ ಸ್ವಲ್ಪ ಹೆಚ್ಚು, 10x25 ಆದರೆ ಬರಿಯ ಎರಡೂವರೆ. ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ ಅದು. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ ಏಳು ಮಿಲಿಮೀಟರಿನಷ್ಟು ಅರಳಬಹುದು. ನಮ್ಮಂತಹ ನಲುವತ್ತು ದಾಟಿದವರದು ಅಷ್ಟು ಅರಳುವುದಿಲ್ಲ. ಹಾಗಾಗಿ 8x42 ನಮಗೆ ಸರಿಸುಮಾರು ಸಾಕು. 7x50 ಇನ್ನೂ ಒಳ್ಳೆಯದೇ, ಆದರೆ ಒಂದು ಕಿಲೋದಷ್ಟು ಭಾರ. 10x25 ಎಂಬ ಕಿಸೆಯ ದುರ್ಬೀನು ಹಗಲಲ್ಲಿ ಬೈಲಾಟದ ವೇಷ ನೋಡಲು ಆದೀತು, ಮುಸ್ಸಂಜೆಗೆ ಕುರುಡು. ಹೆಚ್ಚು ಪಟ್ಟು ತೋರಿಸುವುದು ಕೈಯ ನಡುಕವನ್ನೂ ಅಷ್ಟೇ ಪಟ್ಟು ತೋರಿಸುತ್ತದೆ ಎಂಬುದೂ ನೆನಪಿರಲಿ.

ಅಳತೆ ಸೇರಿರುವ ದುರ್ಬೀನಿನಲ್ಲಿ, ಅಂಕಿಗಳನ್ನು ಕಣ್ಣಿಗೆ ತೋರಿಸುವುದಕ್ಕಾಗಿ ಬೆಳಕಿನ ದಾರಿಯಲ್ಲಿ ಮತ್ತೊಂದಿಷ್ಟು ಗಾಜು, ಲೇಪ ಇಡಬೇಕಾಗುತ್ತದೆ. ಬಹಳ ಬೆಲೆಯವುಗಳಲ್ಲಿ ಅದರಿಂದಾಗುವ ನಷ್ಟ ಗೊತ್ತಾಗುವುದಿಲ್ಲ. ಅಗ್ಗದವುಗಳಲ್ಲಿ ಬಣ್ಣ ಕಂದುತ್ತದೆ, ಬೆಳಕು ಇಳಿಯುತ್ತದೆ. ಆ ಬಹಳ ಬೆಲೆ ಎಷ್ಟು? ಸಾವಿರ ಡಾಲರಿಗಿಂತ ಕಡಿಮೆಗೆ ನೆಚ್ಚತಕ್ಕ ಒಂದು ಸಿಕ್ಕುವುದು ಅಪರೂಪ; ಹೆಸರಾಂತ ಕಂಪೆನಿಗಳವು ಮೂರು ಸಾವಿರ ಡಾಲರನ್ನೂ ದಾಟುತ್ತವೆ. ಅಳಿಯನ ದುಡ್ಡೆಂದು ನಾವು ಕಣ್ಣು ಮುಚ್ಚುವಂತಿಲ್ಲ. ಅದು ಅವನು ಬಿಸಿಲಲ್ಲಿ ದುಡಿದ ದುಡ್ಡು.

ನಾವು ಇಷ್ಟು ಒತ್ತಿ ಹೇಳುವುದಕ್ಕೆ ಬೇರೊಂದು ಕಾರಣವುಂಟು. ಒಂದು ಸೋಣ ತಿಂಗಳಲ್ಲಿ ನಮ್ಮ ತೋಟದ ಕೆಳಬದಿಯ ಮರಗೆಣಸನ್ನು ಹಂದಿ ಉತ್ತು ಹಾಕಿತ್ತು. ಅಪ್ಪಣೆ ಪಡೆದು ಲೈಸೆನ್ಸುದಾರರೊಬ್ಬರು ಬಂದು ಕುಳಿತರು. ನಾವು ನಮ್ಮ ಹಳೆಯ 7x50 ಹಿಡಿದು ಪಕ್ಕದಲ್ಲಿದ್ದೆವು. ಯಾರದೋ ಎರವಲು ತಂದ ಅಳತೆಯಂತ್ರವೂ ಇತ್ತು. ಕಂತಿದ ಮೇಲೆ ತೋಡಿನ ಬದಿಯ ಬಾಳೆಗಳ ನಡುವೆ ಕಪ್ಪಗೆ ಒಂದು ಕದಲಿತು. ಯಂತ್ರ 31 ಎಂದಿತು. "ಈಡಿಗೆ ಸಿಕ್ಕುತ್ತದೆ" ಎಂದು ಅವರು ಪಿಸುಗುಟ್ಟಿದರು. ಟಾರ್ಚು ಬಿಟ್ಟರು. ಜಿನುಗು ಮಳೆಯಲ್ಲಿ ಬೆಳಕು ಚದರಿತು, ಎದುರಿಂದ ಕಣ್ಣು ಹೊಳೆಯಲಿಲ್ಲ. "ನಾಯಿಯಲ್ಲ, ದನವಲ್ಲ, ಹಂದಿಯೇ." ಕೋವಿ ಎತ್ತಿದರು. ನಾವು ದುರ್ಬೀನಿನಲ್ಲಿ ನೋಡುತ್ತಿದ್ದೆವು. ಕಪ್ಪನೆಯದರ ಬದಿಯಿಂದ ಬೆಳ್ಳಗೆ ಒಂದು ಮೊಣಕೈ ಹೊರಬಂತು. ಗೋಣಿಯ ಕೊಪ್ಪೆ ಹಾಕಿಕೊಂಡು ಬಾಗಿ, ತೋಡಿನ ಕಟ್ಟದಲ್ಲಿ ಸಿಕ್ಕಿದ ಕಸ ತೆಗೆಯುತ್ತಿದ್ದ ನೆರೆಯವರು ಅವರು. ನೀರಿನ ಸದ್ದಿಗೆ ನಮ್ಮ ಸದ್ದು ಕೇಳಿರಲಿಲ್ಲ. ನಾವು ಕೋವಿಯ ನಳಿಗೆಯನ್ನು ಕೈಯಿಂದ ನೆಲಕ್ಕೆ ಒತ್ತಿದೆವು. ಆ ರಾತ್ರಿ ಮೂವರಲ್ಲಿ ಯಾರಿಗೂ ಊಟ ಸೇರಲಿಲ್ಲ.

ಆಮೇಲೆ ಪುಸ್ತಕ ತೆಗೆದು ನೋಡಿದಾಗ ಕಾರಣ ತಿಳಿಯಿತು. ನಾಯಿ, ಬೆಕ್ಕು, ದನ, ಜಿಂಕೆ, ಪುನುಗಿನ ಬೆಕ್ಕು ಇವುಗಳ ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂತಹ ಒಂದು ಪದರವಿದೆ. ಟಾರ್ಚಿನ ಬೆಳಕು ಬಿದ್ದೊಡನೆ ಹೊಳೆಯುವುದು ಅದೇ. ಹಂದಿಗೆ ಆ ಪದರವಿಲ್ಲ. ಮನುಷ್ಯನಿಗೂ ಇಲ್ಲ. ಕಣ್ಣು ಹೊಳೆಯದಿದ್ದರೆ ಹಂದಿ ಎಂದು ನಮ್ಮೂರಿನಲ್ಲಿ ನಂಬಿಕೊಂಡು ಬಂದ ಗುರುತು, ಹಂದಿಯನ್ನೂ ಮನುಷ್ಯನನ್ನೂ ಒಂದೇ ಪಟ್ಟಿಗೆ ಹಾಕುವ ಗುರುತು. ಈ ಸಂಗತಿಯನ್ನು ಓದುಗ ಬಾಂಧವರು ಕೋವಿ ಉಳ್ಳ ಪ್ರತಿಯೊಬ್ಬರಿಗೂ ತಿಳಿಸಬೇಕೆಂದು ಕೇಳಿಕೊಳ್ಳುತ್ತೇವೆ. ಅಳತೆಯಂತ್ರ ಆ ದಿನ ಸುಳ್ಳು ಹೇಳಲಿಲ್ಲ, 31 ಮೀಟರು ಸರಿಯಾಗಿಯೇ ಇತ್ತು. ಆದರೆ ನಿಂತದ್ದು ಯಾರೆಂದು ಅದಕ್ಕೆ ಗೊತ್ತಿರಲಿಲ್ಲ. ದುಡ್ಡು ಇದ್ದಷ್ಟನ್ನೂ "ಯಾರು" ಎಂದು ಹೇಳುವ ಗಾಜಿಗೆ ಹಾಕಬೇಕೆಂದು ನಾವು ಹಟ ಹಿಡಿಯುವುದು ಇದಕ್ಕೇ.

ಹಾಗಾದರೆ ಅಳತೆಯಂತ್ರ ಬೇಡವೇ? ಬೇರೆಯಾಗಿದ್ದರೆ ಇರಲಿ. ಹಗಲಲ್ಲಿ ಅದರಿಂದ ಎಷ್ಟೋ ಕೆಲಸಗಳುಂಟು. ಸುರಂಗದ ಬಾಯಿಯಿಂದ ಟಾಂಕಿಗೆ ಎಷ್ಟು ಪೈಪು ಬೇಕು, ಗುಡ್ಡೆಯ ತುದಿಯ ಪ್ಲಾಟಿಗೆ ಜೆಟ್ಟಿನ ಸಾಲು ಎಷ್ಟುದ್ದ ಎಂದು ನಿಂತಲ್ಲಿಂದಲೇ ತಿಳಿಯಬಹುದು. ಕೋನವನ್ನೂ ಓದುವ ಬಗೆಯದಾದರೆ ಅಡಿಕೆ ಮರದ ಎತ್ತರ ಅಳೆದು, ಬೋರ್ಡೋ ಸಿಂಪಡಣೆಗೆ ಎಷ್ಟುದ್ದದ ಕಾರ್ಬನ್ ಫೈಬರ್ ದೋಟಿ ಬೇಕೆಂದು ನಿಶ್ಚಯಿಸಬಹುದು. ಇಂತಹದನ್ನು ಬೈಲಿಗೆ ಒಂದರಂತೆ ನಾಲ್ಕು ಮನೆಯವರು ಸೇರಿ ತಂದಿಟ್ಟುಕೊಂಡರೆ ಸಾಕು. ದುರ್ಬೀನಿನೊಳಗೇ ಸೇರಿದ್ದರೆ, ಪೈಪು ಅಳೆಯಲು ಕೇಳಿದ ನೆರೆಯವನಿಗೆ ಮೂರು ಸಾವಿರ ಡಾಲರಿನ ಸಾಮಾನನ್ನು ಯಾರು ಎರವಲು ಕೊಟ್ಟಾರು? ಅಲ್ಲದೆ ಬ್ಯಾಟರಿ, ವಿದ್ಯುತ್ತಿನ ಭಾಗ ನಮ್ಮ ಮಳೆಗಾಲದ ತೇವಕ್ಕೆ ಕೈಕೊಟ್ಟರೆ, ಬೇರೆಯದಾದರೆ ಅದೊಂದು ಮಾತ್ರ ರಿಪೇರಿಗೆ ಹೋಗುತ್ತದೆ. ಸೇರಿದ್ದಾದರೆ ಕಣ್ಣೂ ಅದರ ಜತೆಗೇ ಪಾರ್ಸೆಲಿನಲ್ಲಿ ಹೋಗುತ್ತದೆ, ಬರುವಷ್ಟರಲ್ಲಿ ಗೆಣಸು ಮುಗಿದಿರುತ್ತದೆ.

ದುರ್ಬೀನು ಕೊಳ್ಳುವಾಗ ನೋಡಬೇಕಾದ ಕೆಲವನ್ನು ಅಳಿಯನಿಗೆ ಬರೆದು ಕಳುಹಿಸಿದ್ದೇವೆ. ಒಳಗೆ ಸಾರಜನಕ ತುಂಬಿ ನೀರು ಹೋಗದಂತೆ ಮುಚ್ಚಿದ್ದೇ ಆಗಬೇಕು. ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಗಾಜಿನೊಳಗೆ ಬೂಷ್ಟು ಹಿಡಿದು ಜೇಡರ ಬಲೆಯಂತೆ ಕಾಣುತ್ತದೆ. ಅಂಗಡಿಯಲ್ಲಿ ಅದನ್ನು ತೋಳುದ್ದ ದೂರ ಹಿಡಿದು, ಕಿಟಿಕಿಯ ಬೆಳಕಿಗೆ ತಿರುಗಿಸಿ, ಕಣ್ಣಿಡುವ ಬದಿಯ ಬಿಲ್ಲೆಯನ್ನು ನೋಡಬೇಕು. ಬಿಲ್ಲೆ ತುಂಬು ವೃತ್ತವಾಗಿರಬೇಕು. ಅಂಚು ಚೌಕವಾಗಿ ಮಬ್ಬಾಗಿದ್ದರೆ ಒಳಗಿನ ಪಟ್ಟಕ ಕೀಳು ಜಾತಿಯದು. ದೂರದ ತಂತಿಯೊಂದನ್ನು ನೋಡಿ, ಅದು ಎರಡಾಗಿ ಕಂಡರೆ ಅಲ್ಲಿಯೇ ಬಿಟ್ಟು ಬರಬೇಕು. ಮನೆಗೆ ತಂದ ಮೇಲೆ ತೊಗಲಿನ ಚೀಲದಲ್ಲಿ ಇಡಬೇಡಿರಿ, ತೊಗಲು ತೇವ ಹೀರುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣವಿಟ್ಟು ಮುಚ್ಚಿರಿ.

ಮಾವ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. "ಒಂದರಲ್ಲೇ ಎರಡು ಇದ್ದರೆ ಚಂದ ಇತ್ತು" ಎಂದು ಏಳುವಾಗಲೂ ಒಮ್ಮೆ ಹೇಳಿದರು. ಆದರೂ ಭಾನುವಾರ ನಮ್ಮೊಡನೆ ತೋಟಕ್ಕೆ ಬಂದು, ಅವರು ಯಾವಾಗಲೂ ಕುಳಿತುಕೊಳ್ಳುವ ಪಂಪಿನ ಕೊಟ್ಟಿಗೆಯಿಂದ ನಾಲ್ಕು ಬದಿಗೂ ಹನ್ನೆರಡು ಅಂತರ ಎಣಿಸಿದರು. ಆ ಮರಗಳಿಗೆಲ್ಲ ಸೊಂಟದೆತ್ತರಕ್ಕೆ ಸುಣ್ಣದ ಪಟ್ಟೆ ಎಳೆದೆವು. ತೆಂಕು ಬದಿಗೆ, ಪಟ್ಟೆಯಿಂದಾಚೆ ಮೂರು ಮರ ಕಳೆದರೆ ಆಚೆಮನೆಯವರ ಹಟ್ಟಿ. ಆ ಬದಿಗೆ ಈಡೇ ಇಲ್ಲವೆಂದು ಅವರೇ ಸುಣ್ಣದಲ್ಲಿ ದೊಡ್ಡದೊಂದು ಅಡ್ಡಗೆರೆ ಬರೆದರು.