ಒಂದು ಹಗಲು ಬ್ಯಾಂಕಾಕು ನೋಡಿದ್ದಕ್ಕೆ ಇಷ್ಟು ಮಾತಾ?

ಅಕ್ಕಂದಿರೇ, ಅತ್ತಿಗೆಯಂದಿರೇ, ನಮ್ಮ ಬೀದಿ ಹೆಣ್ಣುಮಕ್ಕಳೇ, ಈ ವಾರ ಹಿತಕಬೇಳೆ ಸಾರಿನ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಹದಿನೈದು ದಿನದಿಂದ ಹೊಟ್ಟೆಯಲ್ಲಿ ಬೇರೆ ಒಂದು ವಿಷಯ ಕುದೀತಾ ಐತೆ, ಮೊದಲು ಅದನ್ನ ಇಳಿಸಿಬಿಡ್ತೀನಿ. ಬೇಜಾರಾದ್ರೂ ಪೂರ್ತಿ ಓದಿ.

ನಮ್ಮ ಅಕ್ಕನ ಮಗಳ ಸಮಾಚಾರ ನಿಮಗೆಲ್ಲ ಗೊತ್ತೇ ಐತೆ. ಗೊತ್ತಿಲ್ಲದಿದ್ರೆ ಯಾರಾದ್ರೂ ಹೇಳೇ ಹೇಳ್ತಾರೆ, ಅದಕ್ಕೇ ನಾನೇ ಸರಿಯಾಗಿ ಹೇಳ್ತೀನಿ. ಆಫೀಸಿನ ಕೆಲಸದ ಮೇಲೆ ಜಪಾನಿಗೆ ಹೋಗಿದ್ಲು. ಬರೋವಾಗ ಬ್ಯಾಂಕಾಕಿನಲ್ಲಿ ವಿಮಾನ ಬದಲಾಯಿಸಬೇಕು. ಬೆಳಗ್ಗೆ 5 ಗಂಟೆಗೆ ಇಳಿದ್ಲು, ಬೆಂಗಳೂರಿನ ವಿಮಾನ ರಾತ್ರಿ 9 ಗಂಟೆ ಮೇಲೆ. ಹದಿನಾರು ಗಂಟೆ ಕುರ್ಚಿ ಮೇಲೆ ತೂಕಡಿಸೋ ಬದಲು, ಪೆಟ್ಟಿಗೆನ ಅಲ್ಲೇ ದುಡ್ಡು ಕಟ್ಟಿ ಇಟ್ಟು, ಬೆನ್ನಿಗೊಂದು ಚೀಲ ಹಾಕ್ಕೊಂಡು, ಅದರೊಳಗೆ ನಾನು ಕೊಟ್ಟಿದ್ದ ಹುರಿಹಿಟ್ಟು, ಒಂದು ನೀರಿನ ಬಾಟಲಿ ಇಟ್ಕೊಂಡು ಊರು ನೋಡಕ್ಕೆ ಹೋದ್ಲು. ನೋಡಿದ್ಲು, ಬಂದ್ಲು. ನಡೆದಿದ್ದು ಇಷ್ಟೇ.

ಮಿಕ್ಕಿದ್ದೆಲ್ಲ ನಡೆದಿದ್ದು ಇಲ್ಲಿ. ಫೋಟೋ ಸ್ಟೇಟಸ್ಸಿಗೆ ಹಾಕಿದ್ಲು. "ಒಬ್ಳೇ ಬ್ಯಾಂಕಾಕಾ?" ಅಂತ ಮಾಲೂರಿನಲ್ಲಿ ಹೊರಟ ಮಾತು ಮುಳಬಾಗಿಲು ಮುಟ್ಟೋ ಹೊತ್ತಿಗೆ "ಒಬ್ಳೇ ಅಲ್ವಂತೆ" ಆಯ್ತು. ಶ್ರೀನಿವಾಸಪುರಕ್ಕೆ ಹೋಗೋ ಹೊತ್ತಿಗೆ "ಒಂದು ವಾರ ಅಲ್ಲೇ ಇದ್ಲಂತೆ" ಆಯ್ತು. ಆ ಕಡೆಯ ಒಂದು ಸಂಬಂಧ ಬಂದಿತ್ತು, ಜಾತಕ ಕೂಡಿತ್ತು, ಹುಡುಗನೂ ಒಪ್ಪಿದ್ದ. "ಸದ್ಯಕ್ಕೆ ಬೇಡ ಅಂತಾವ್ರೆ" ಅಂತ ಫೋನು ಬಂತು. ಕಾರಣ ಅವರು ಹೇಳ್ಲಿಲ್ಲ, ಮಧ್ಯೆ ಇದ್ದೋರು ಹೇಳಿದ್ರು.

ಸರಿ, ನೀವು ಆಡಿದ ಮಾತಿಗೆ ಒಂದೊಂದಾಗಿ ಉತ್ತರ ಹೇಳ್ತೀನಿ.

ಮೊದಲನೇ ಮಾತು, "ಬ್ಯಾಂಕಾಕು ಎಂಥ ಊರು ಗೊತ್ತಾ?" ಗೊತ್ತು ಕಣ್ರಮ್ಮ. ಆ ಥರದ ಬೀದಿಗಳು ಅಲ್ಲಿ ಅವೆ, ಇಲ್ಲ ಅನ್ನಲ್ಲ. ಆದ್ರೆ ಆ ಬೀದಿಗಳು ಬದುಕೋದು ಯಾರ ದುಡ್ಡಿನಿಂದ? ಗೊಬ್ಬರ, ಸಿಮೆಂಟು, ಪೇಂಟು ಮಾರೋ ಅಂಗಡಿಯೋರನ್ನ "ಇಷ್ಟು ಮಾಲು ಖರ್ಚು ಮಾಡಿದ್ರೆ ಬ್ಯಾಂಕಾಕ್ ಟೂರು" ಅಂತ ಕಂಪನಿಯೋರೇ ಕರ್ಕೊಂಡು ಹೋಗ್ತಾರೆ. ನಮ್ಮ ನಾಲ್ಕು ತಾಲ್ಲೂಕಿನಿಂದ ಗಂಡಸರು ಗುಂಪುಗುಂಪಾಗಿ ಹೋಗಿ ಬಂದವ್ರೆ. ವಿಮಾನದ ಮುಂದೆ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ನಿಂತಿರೋ ಫೋಟೋ ನಾವೇ ನೋಡಿ ಲೈಕ್ ಕೊಟ್ಟಿದೀವಿ. ಹೋಗಿದ್ದು ಒಬ್ಬರೇನಾ, ರಾತ್ರಿ ಎಲ್ಲಿದ್ರಿ ಅಂತ ಒಬ್ಬರಾದ್ರೂ ಕೇಳಿದೀವಾ? ಅವರ ಮಕ್ಕಳಿಗೆ ಬಂದ ಸಂಬಂಧ ಅದಕ್ಕೋಸ್ಕರ ಮುರಿದು ಬಿದ್ದಿದ್ದುಂಟಾ? ಗುಂಪಲ್ಲಿ ಹೋದ ಗಂಡಸಿಗಿಲ್ಲದ ಕಳಂಕ ಹಗಲಲ್ಲಿ ದೇವಸ್ಥಾನ ನೋಡಿದ ಹುಡುಗಿಗೆ ಯಾತಕ್ಕೆ?

ಎರಡನೇ ಮಾತು, "ಒಂದು ದಿನದಲ್ಲಿ ಅದೇನು ನೋಡಿ ಕಡಿದು ಗುಡ್ಡೆ ಹಾಕಿದ್ಲು?" ನಾವು ತಿರುಪತಿಗೆ ಹೋಗಿ ಸಾಲಲ್ಲಿ ಹಗಲು ರಾತ್ರಿ ನಿಂತು, ಸ್ವಾಮಿನ ಒಂದು ಗಳಿಗೆನೂ ನೋಡಕ್ಕೆ ಬಿಡದೆ ತಳ್ಳಿಸ್ಕೊಂಡು ಈಚೆಗೆ ಬರ್ತೀವಿ. ಬಂದು ವರ್ಷವೆಲ್ಲ ಹೇಳ್ಕೊತೀವಿ. ಬೆಂಗಳೂರಿನೋರು ಭಾನುವಾರ ಬೈಕಲ್ಲಿ ಬಂದು ಅಂತರಗಂಗೆ ಹತ್ತಿ, ಕೋಟಿಲಿಂಗ ನೋಡಿ, ಮುಳಬಾಗಿಲು ದೋಸೆ ತಿಂದು ಸಂಜೆಗೆ ವಾಪಸ್ ಹೋಗ್ತಾರೆ. ಅದು ನೋಡಿದಂಗೆ ಆದ್ರೆ ಇದೂ ಆಯ್ತು.

ಏನು ನೋಡಿದ್ಲು ಅಂತ ನೀವು ಕೇಳ್ಲಿಲ್ಲ, ನಾನು ಕೇಳಿದೆ. ಅಲ್ಲಿಯ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ, ಅವರ ಬಾಯಲ್ಲಿ ಸುವನ್ನಪೂಮ್. ಒಳಗೆ ದೇವತೆಗಳು, ರಾಕ್ಷಸರು ಹಾವು ಹಿಡಿದು ಸಮುದ್ರ ಕಡೆಯೋ ದೊಡ್ಡ ಬೊಂಬೆ ಐತಂತೆ. ರೈಲು ಹತ್ತಿ ಊರಿಗೆ ಹೋಗಿ ವಾಟ್ ಫೋ ದೇವಸ್ಥಾನ ನೋಡಿದ್ಲು. ಮಲಗಿರೋ ಬುದ್ಧ, 46 ಮೀಟರ್ ಉದ್ದ. ನಮ್ಮ ಕಮ್ಮಸಂದ್ರದ ದೊಡ್ಡ ಲಿಂಗ 108 ಅಡಿ, ಇದು 150 ಅಡಿ ಅಂತ ಲೆಕ್ಕ ಇಟ್ಕೊಳ್ಳಿ. ಪಕ್ಕದಲ್ಲಿ ಕಂಚಿನ 108 ಬಟ್ಟಲು ಸಾಲಾಗಿ ಇಟ್ಟವ್ರೆ, ಒಂದೊಂದಕ್ಕೂ ಒಂದೊಂದು ಕಾಸು ಹಾಕ್ತಾ ಹೋಗಬೇಕು. ಅರಮನೆ ದೇವಸ್ಥಾನದ ಗೋಡೆ ಸುತ್ತ ರಾಮಾಯಣ ಬರೆದವ್ರೆ, 178 ಚಿತ್ರ. ಅವರ ರಾಮಾಯಣಕ್ಕೆ ರಾಮಕಿಯೆನ್ ಅಂತಾರೆ, ಹನುಮಂತ ಹಾಲಿನಂಗೆ ಬೆಳ್ಳಗವ್ನೆ. ತೋಳು, ಮೊಣಕಾಲು ಮುಚ್ಚೋ ಬಟ್ಟೆ ಇಲ್ದಿದ್ರೆ ಒಳಗೇ ಬಿಡಲ್ಲ. ದೋಣಿ ಹತ್ತಿ ಹೊಳೆ ದಾಟಿ ವಾಟ್ ಅರುಣ್ ನೋಡಿದ್ಲು. ಅರುಣ್ ಅಂದ್ರೆ ನಮ್ಮ ಅರುಣನೇ. ಮಧ್ಯಾಹ್ನ ಖಾವ್ ಸಾನ್ ಅನ್ನೋ ಬೀದಿಯಲ್ಲಿ ಊಟ. ಬೆನ್ನಿಗೆ ಚೀಲ ಹಾಕ್ಕೊಂಡು ದೇಶ ಸುತ್ತೋರೆಲ್ಲ ಸೇರೋ ಜಾಗ ಅದು, ಆದ್ರೆ ಆ ಹೆಸರಿಗೆ ಅರ್ಥ ಅಕ್ಕಿ, ಮೊದಲು ಅಲ್ಲಿ ಅಕ್ಕಿ ವ್ಯಾಪಾರ ನಡೀತಿತ್ತು. ಅಂಟು ಅನ್ನಕ್ಕೆ ತೆಂಗಿನ ಹಾಲು ಹುಯ್ದು ಮಾವಿನ ಹಣ್ಣಿನ ಜೊತೆ ಕೊಟ್ರಂತೆ. "ಚಿಕ್ಕಮ್ಮ, ನಮ್ಮ ಶ್ರೀನಿವಾಸಪುರದ ಬಾದಾಮಿ ಮುಂದೆ ಸಪ್ಪೆ" ಅಂದ್ಲು. ಐವತ್ತು ದಾಟಿದ ನಾನು ಒಂದು ದಿನದಲ್ಲಿ ಇಷ್ಟು ಯಾವತ್ತೂ ನೋಡಿಲ್ಲ. ನೀವು ನೋಡಿದೀರಾ?

ಮೂರನೇ ಮಾತು, "ಹೆಣ್ಣುಮಗಳು, ಏನಾದ್ರೂ ಆಗಿದ್ರೆ?" ಇದನ್ನ ಕೇಳಿದೋರಿಗೆ ನನ್ನ ಬೈಗುಳ ಇಲ್ಲ. ಭಯ ನನಗೂ ಇತ್ತು. ಗಂಟೆಗೊಂದು ಸಲ ಎಲ್ಲಿದೀನಿ ಅಂತ ನಮ್ಮ ಅಕ್ಕನಿಗೆ ಮೆಸೇಜ್ ಹಾಕ್ತಿದ್ಲು. ಕತ್ತಲಾಗೋದ್ರೊಳಗೆ ವಿಮಾನ ನಿಲ್ದಾಣ ಸೇರಿದ್ಲು. ಎಚ್ಚರ ಅಂದ್ರೆ ಅದು. ಆದ್ರೆ ನಿಜವಾಗಿ ಭಯ ಪಟ್ಟೋರು "ಸುಖವಾಗಿ ಬಂದ್ಯಾ ತಾಯಿ" ಅಂತ ಕೇಳ್ತಾರೆ. "ಏನಾದ್ರೂ ಆಗಿದ್ರೆ" ಅಂತ ಅವಳು ಬಂದ ಮೇಲೂ ಹೇಳ್ತಾ ತಿರುಗೋರಿಗೆ ಇರೋದು ಭಯ ಅಲ್ಲ, ಆಗ್ಲಿಲ್ವಲ್ಲ ಅನ್ನೋ ಬೇಸರ.

ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಶಾಸನ ಐತೆ. ಅದೇ ರಾಜ 1025ರಲ್ಲಿ ಸಮುದ್ರದ ಮೇಲೆ ಹಡಗು ಕಳಿಸಿ, ಈಗಿನ ಮಲೇಷಿಯಾ ಕಡೆಯ ಕಡಾರವನ್ನ ಸೂರೆ ಹೊಡೆದ. ಅವನಿಗೆ ಕಡಾರಂಗೊಂಡ ಅಂತ ಬಿರುದು. ಸೂರೆ ಮಾಡಕ್ಕೆ ಸಮುದ್ರ ದಾಟಿದೋನಿಗೆ ಬಿರುದು, ನೋಡಕ್ಕೆ ಹೋದೋಳಿಗೆ ಬೈಗುಳ.

ಈಗ ಮುಖ್ಯವಾದ ಮಾತಿಗೆ ಬರ್ತೀನಿ. ನಮ್ಮ ಅಕ್ಕ ಏನಂತಾಳೆ ಗೊತ್ತಾ? "ಪಾಸ್‌ಪೋರ್ಟ್ ತಗೊಂಡು ಹೋಗಿ ಆ ಗಂಡಿನ ಮನೆಯೋರಿಗೆ ತೋರಿಸಿ ಬರ್ತೀನಿ, ಒಳಗೆ ಹೋದ ಮುದ್ರೆ, ಈಚೆಗೆ ಬಂದ ಮುದ್ರೆ ಎರಡಕ್ಕೂ ಒಂದೇ ತಾರೀಕು ಐತೆ" ಅಂತ. ನಾನು ಬೇಡ ಅಂದಿದೀನಿ. ಹುಡುಗಿನೂ ಬೇಡ ಅಂದವ್ಳೆ.

ಯಾಕೆ ಬೇಡ? ಆವನಿ ಬೆಟ್ಟ ನಾವೆಲ್ಲ ಹತ್ತಿದೀವಿ. ವಾಲ್ಮೀಕಿ ಆಶ್ರಮ ಅಲ್ಲೇ ಇತ್ತು, ಲವಕುಶರು ಹುಟ್ಟಿದ್ದು ಅಲ್ಲೇ ಅಂತ ನಮ್ಮ ಅಜ್ಜಿಯರು ಹೇಳ್ಕೊಂಡು ಬಂದವ್ರೆ. ಮಕ್ಕಳಾಗಲಿ ಅಂತ ಸೀತಮ್ಮನಿಗೆ ಹರಕೆ ಹೊತ್ತೋರು ಈ ಬರಹ ಓದ್ತಿರೋರಲ್ಲೇ ಅವ್ರೆ. ಆ ಸೀತಮ್ಮ ಅಲ್ಲಿಗೆ ಯಾಕೆ ಬಂದ್ಲು? ಬೆಂಕಿಗೆ ಹಾರಿ ತೋರಿಸಿದ್ಲಲ್ಲ, ಊರಿನ ಬಾಯಿ ಮುಚ್ತಾ? ಮುಚ್ಚಲಿಲ್ಲ. ಬಸುರಿ ಹೆಂಗಸನ್ನ ಕಾಡಿಗೆ ಅಟ್ಟಿಸಿತು. ಒಂದು ಸಲ ತೋರಿಸಿದ್ರೆ ಇನ್ನೊಂದು ಸಲ ತೋರಿಸು ಅಂತಾರೆ. ಇವತ್ತು ಪಾಸ್‌ಪೋರ್ಟು, ನಾಳೆ ಫೋನು, ನಾಳಿದ್ದು ಇನ್ನೇನೋ. ಸೀತಮ್ಮನ ಗುಡಿ ಮೆಟ್ಟಿಲಲ್ಲಿ ಕಣ್ಣೀರು ಹಾಕಿ, ಕೆಳಗಿಳಿದು ಬಂದು ಅದೇ ಮಾತು ಆಡಿದ್ರೆ ಆ ಹರಕೆ ಯಾರಿಗೆ ಸಲ್ತದೆ?

ಮಧ್ಯೆ ನಿಂತು ಮಾತು ಸಾಗಿಸಿದೋರು ಯಾರು ಅಂತ ನಾನು ಹೆಸರು ಹಿಡಿದು ಹೇಳಲ್ಲ. ಆದ್ರೆ ನಾಳೆ ನಮ್ಮ ಜನದಲ್ಲಿ ಯಾವ ಹುಡುಗಿಗಾದ್ರೂ ಸಂಬಂಧ ಬಂದಾಗ ವಿಚಾರಿಸೋದು ನಿಮ್ಮನ್ನೇ, ನನ್ನನ್ನೇ. "ಹುಡುಗಿ ಹೆಂಗೆ?" ಅಂತ ಮೆಲ್ಲಗೆ ಕೇಳ್ತಾರೆ. ಆಗ "ಏನೋಪ್ಪ, ನಮಗ್ಯಾಕೆ" ಅಂತ ರಾಗ ಎಳೀಬೇಡಿ. ಆ ರಾಗ ಚಾಡಿಗಿಂತ ಜಾಸ್ತಿ ಮನೆ ಕೆಡಿಸ್ತದೆ. ಗೊತ್ತಿರೋದನ್ನ ಗೊತ್ತಿರೋ ಅಷ್ಟೇ ಹೇಳಿ. "ಓದಿದ ಹುಡುಗಿ, ದುಡೀತಾಳೆ, ಜಪಾನಿಗೆ ಹೋಗಿದ್ಲು, ಬರೋ ದಾರೀಲಿ ಒಂದು ಹಗಲು ಬ್ಯಾಂಕಾಕ್ ನೋಡಿದ್ಲು, ಬುದ್ಧಿವಂತೆ" ಅಂತ ಗಟ್ಟಿಯಾಗಿ, ಕಣ್ಣಲ್ಲಿ ಕಣ್ಣಿಟ್ಟು ಹೇಳಿ. ಅದನ್ನ ಕೇಳಿ ಎದ್ದು ಹೋಗೋ ಮನೆಗೆ ನಮ್ಮ ಹುಡುಗಿ ಹೋಗದೇ ಇರೋದೇ ಒಳ್ಳೇದು.

ಮುಳಬಾಗಿಲು ಅಂದ್ರೆ ಮೂಡಲ ಬಾಗಿಲು. ಮೂಡಲ ದಿಕ್ಕಿಗೆ ಬಾಗಿಲು ಇಟ್ಕೊಂಡಿರೋ ಜನ ನಾವು. ಮಕ್ಕಳು ಆ ಬಾಗಿಲಿನಿಂದ ಆಚೆಗೆ ಹೋಗಿ, ನೋಡಿ, ಬರಲಿ ಬಿಡ್ರಮ್ಮ.