ಮಳೆಮಾಪಕಕ್ಕೆ ಕಾಣದ್ದು

ಪಂಚಾಯಿತಿಗೊಂದು ಮಳೆಮಾಪಕ, ಕೈಯಲ್ಲಿ ಸಿಡಿಲಿನ ಎಚ್ಚರಿಕೆ ಕೊಡುವ ‘ಸಿಡಿಲು’ ಆ್ಯಪ್ ಇರುವಾಗ ಹಳ್ಳಿಯ ಸ್ವಯಂಸೇವಕರಿಗೆ ಹವಾಮಾನ ತರಬೇತಿ ದುಂದುವೆಚ್ಚ ಎಂಬ ವಾದವೊಂದಿದೆ. ಯಂತ್ರಗಳಿರುವುದು ನಿಜ, ತೀರ್ಮಾನ ತಪ್ಪು.

ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕ ಮಳೆಯನ್ನಷ್ಟೇ ಅಳೆಯುತ್ತದೆ. ಆಲಿಕಲ್ಲಿನ ಗಾತ್ರ, ರಸ್ತೆಗೆ ಬಿದ್ದ ಮರ, ಬಿರುಕು ಬಿಟ್ಟ ಕೆರೆ ಏರಿ ಅದಕ್ಕೆ ಕಾಣುವುದಿಲ್ಲ. ಬೇಸಿಗೆಯ ಬಿರುಮಳೆ ಸಾಸಲು ಹೋಬಳಿಯ ಒಂದೂರಿನ ಬಾಳೆ ತೋಟ ಮಲಗಿಸಿ, ಪಕ್ಕದೂರಿನ ಮಾಪಕಕ್ಕೆ ಹನಿಯನ್ನೂ ಕೊಡದೆ ಹೋಗಬಲ್ಲದು. ರಡಾರ್ ಕಿರಣವೂ ದೂರ ಹೋದಂತೆ ನೆಲದಿಂದ ಮೇಲೇರುತ್ತದೆ; ನೆಲದ ಬಳಿ ನಡೆಯುವುದು ಅದಕ್ಕೂ ತಪ್ಪಿಹೋಗುತ್ತದೆ. ದೇಶದುದ್ದಕ್ಕೂ ರಡಾರ್ ಇರುವ ಅಮೆರಿಕವೇ ‘ಸ್ಕೈವಾರ್ನ್’ ಎಂಬ ಸ್ವಯಂಸೇವಕ ಹವಾಮಾನ ವೀಕ್ಷಕರನ್ನು ಇಂದಿಗೂ ತಯಾರು ಮಾಡುತ್ತಿರುವುದು ಇದಕ್ಕಾಗಿ.

ವೆಚ್ಚದ ಮಾತೂ ನಿಲ್ಲದು. ಸ್ವಯಂಸೇವಕರಿಗೆ ವಿಪತ್ತು ನಿರ್ವಹಣೆಯ ತರಬೇತಿ ಕೊಡಲು 2016ರಲ್ಲಿ ಶುರುವಾದ ‘ಆಪದ ಮಿತ್ರ’ ಯೋಜನೆ ಇದ್ದೇ ಇದೆ. ಆ ತರಬೇತಿಗೆ ಮೋಡ, ಗಾಳಿ, ಆಲಿಕಲ್ಲಿನ ಪಾಠ ಸೇರಿಸಿದರಾಯಿತು. ಇನ್ನು ಆ್ಯಪ್ ಮಾತು: ಸಿಡಿಲಿನ ಹೊತ್ತಲ್ಲಿ, ಫೋನ್ ಮನೆಯಲ್ಲಿಟ್ಟು ಮರದಡಿ ನಿಂತ ಕುರಿಗಾಹಿಯನ್ನು ಕೂಗಿ ಕರೆಯಲು ಯಾವ ಆ್ಯಪ್ ಬಂದೀತು?